ಇಪ್ಪತ್ತನಾಲ್ಕು ಕೋಶಗಳ ಗಾಡಿ

ಹಳೆಯ ಸೈಕಲ್ಲಿಗೆ ಮೋಟಾರು, ಬ್ಯಾಟರಿ ಕೂಡಿಸಿ ಓಡಿಸುವ ವಿದ್ಯಾರ್ಥಿಗಳನ್ನು ವಿಜ್ಞಾನ ಪ್ರದರ್ಶನಗಳಲ್ಲಿ ನಾವೆಲ್ಲ ಕಂಡಿದ್ದೇವೆ. ಒಬ್ಬ ಕುಳಿತರೆ ಅದು ಚೆನ್ನಾಗಿಯೇ ಓಡುತ್ತದೆ. ಐದಾರು ಮಂದಿ ಹತ್ತಿದರೆ? ಈ ಪ್ರಶ್ನೆಗೆ ನೂರಮೂವತ್ತು ವರ್ಷಗಳಿಗೂ ಹಿಂದೆ ಕೈಯಾರೆ ಉತ್ತರ ಹುಡುಕಿದವನು ವಿಲಿಯಂ ಮಾರಿಸನ್.

ಮಾರಿಸನ್ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, ನೆಲೆಸಿದ್ದು ಅಮೆರಿಕದ ಅಯೋವಾ ರಾಜ್ಯದ ಡಿ ಮೊಯಿನ್ ನಗರದಲ್ಲಿ. ಆತ ಗಾಡಿ ಕಟ್ಟುವವನಲ್ಲ, ರಸಾಯನಶಾಸ್ತ್ರಜ್ಞ. ಒಳ್ಳೆಯ ಬ್ಯಾಟರಿ ಮಾಡಬೇಕೆಂಬುದೇ ಅವನ ಹುಚ್ಚು. ಮರಳಿ ಮರಳಿ ಚಾರ್ಜ್ ಮಾಡಬಹುದಾದ ಸೀಸದ ಕೋಶವನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲೇ ತಯಾರಿಸಿದ್ದ. 1881ರಲ್ಲಿ ಪ್ಯಾರಿಸಿನ ಗುಸ್ತಾವ್ ತ್ರೂವೆ ಮೂರು ಚಕ್ರದ ಸೈಕಲ್ಲನ್ನು ವಿದ್ಯುತ್ತಿನಿಂದ ಓಡಿಸಿಯೂ ಆಗಿತ್ತು. ಆದರೆ ಅದು ಒಬ್ಬನ ಸವಾರಿ.

1890ರ ಸುಮಾರಿಗೆ ಮಾರಿಸನ್ ತನ್ನ ಬ್ಯಾಟರಿಯ ಶಕ್ತಿಯನ್ನು ಜನರಿಗೆ ತೋರಿಸಲು ಒಂದು ಮಾರ್ಗ ಹುಡುಕಿದ. ಕುದುರೆ ಕಟ್ಟುವ ಸಾಮಾನ್ಯ ಗಾಡಿಯನ್ನೇ ತೆಗೆದುಕೊಂಡು ಅದಕ್ಕೆ ನಾಲ್ಕು ಅಶ್ವಶಕ್ತಿಯ ಮೋಟಾರು ಜೋಡಿಸಿದ, ಸೀಟಿನ ಕೆಳಗೆ 24 ಕೋಶಗಳನ್ನಿಟ್ಟ. ಆರು ಜನ ಕುಳಿತರೂ ಗಾಡಿ ಗಂಟೆಗೆ 14 ಮೈಲಿ, ಅಂದರೆ ಸುಮಾರು 22 ಕಿಲೋಮೀಟರು ವೇಗದಲ್ಲಿ ಓಡುತ್ತಿತ್ತು. ಮರಳಿ ಚಾರ್ಜ್ ಮಾಡಲು ಹತ್ತು ಗಂಟೆ ಬೇಕಾಗುತ್ತಿತ್ತು. ಊರಿನ ಒಂದು ಉತ್ಸವದ ಮೆರವಣಿಗೆಯಲ್ಲಿ ಕುದುರೆಯಿಲ್ಲದ ಈ ಗಾಡಿ ಸಾಗಿದಾಗ ಜನ ಬೆರಗಾದರು. (ಆ ಉತ್ಸವದ ಹೆಸರು 'ಸೆನಿ ಓಂ ಸೆಡ್', ಊರ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಹಿಂದುಮುಂದಾಗಿಸಿ ಇಟ್ಟದ್ದು!) 1893ರ ಶಿಕಾಗೋ ವಿಶ್ವ ಪ್ರದರ್ಶನದಲ್ಲೂ ಗಾಡಿ ಓಡಾಡಿತು.

ಆಶ್ಚರ್ಯವೆಂದರೆ ಮಾರಿಸನ್‌ಗೆ ಗಾಡಿಯ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಅವನ ಮನಸ್ಸೆಲ್ಲ ಬ್ಯಾಟರಿಯಲ್ಲಿತ್ತು. ಗಾಡಿ ಶಿಕಾಗೋದ ಹೆರಾಲ್ಡ್ ಸ್ಟರ್ಜಸ್ ಎಂಬವನ ಕೈಸೇರಿತು. ಅದೇ ಮಾದರಿಯ ವಾಹನವನ್ನು ಸ್ಟರ್ಜಸ್ 1895ರ ನವೆಂಬರ್ 28ರಂದು ಶಿಕಾಗೋದಲ್ಲಿ ನಡೆದ ಮೋಟಾರು ಓಟಕ್ಕೆ ಇಳಿಸಿದ. ಅಂದು ರಸ್ತೆಯ ತುಂಬ ಹಿಮ. ಚಳಿಯಲ್ಲಿ ಸೀಸದ ಕೋಶದೊಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ. ಹಿಮದಲ್ಲಿ ಹೂತ ಚಕ್ರವನ್ನು ಎಳೆಯಲು ಬೇಕಾದ ವಿದ್ಯುತ್ತೋ ಹೆಚ್ಚು. ಸ್ಟರ್ಜಸ್‌ನ ವಾಹನ ಗುರಿ ಮುಟ್ಟಲಿಲ್ಲ. ಗೆದ್ದದ್ದು ಡ್ಯುರಿಯಾ ಸಹೋದರರ ಪೆಟ್ರೋಲ್ ಗಾಡಿ. ಮುಂದಿನ ಶತಮಾನ ಯಾರದಾಯಿತೆಂಬುದು ಎಲ್ಲರಿಗೂ ತಿಳಿದಿದೆ.

ಹಾಗೆಂದು 24 ಕೋಶಗಳ ಕತೆ ಅಲ್ಲಿಗೆ ಮುಗಿಯಲಿಲ್ಲ. 2001ರಲ್ಲಿ ನಮ್ಮ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ತಂಡ 'ರೇವಾ' ಎಂಬ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಅದರಲ್ಲಿದ್ದದ್ದು ಆರು ವೋಲ್ಟಿನ ಎಂಟು ಬ್ಯಾಟರಿ. ಸೀಸದ ಒಂದು ಕೋಶ ಎರಡು ವೋಲ್ಟು ಕೊಡುತ್ತದೆ. ಲೆಕ್ಕ ಹಾಕಿ ನೋಡಿ, ಅಲ್ಲೂ 24 ಕೋಶಗಳೇ!

ಆಮೇಲೆ ದೆಹಲಿಯ ಬೀದಿಗಳಿಗೆ ಇ-ರಿಕ್ಷಾ ಬಂತು. ಸಣ್ಣಪುಟ್ಟ ವರ್ಕ್‌ಶಾಪುಗಳಲ್ಲಿ ಬಿಡಿಭಾಗ ಜೋಡಿಸಿ, ವೆಲ್ಡಿಂಗ್ ಮಾಡಿ ನಿಲ್ಲಿಸಿದ ಗಾಡಿಗಳಿವು. ಕಾಲಿನಿಂದ ರಿಕ್ಷಾ ತುಳಿದು ಬಸವಳಿದವರಿಗೆ ಇದು ದೊಡ್ಡ ನೆಮ್ಮದಿ. ಆದರೆ ನೋಂದಣಿಯಿಲ್ಲ, ಲೈಸೆನ್ಸ್ ಇಲ್ಲ, ವಿಮೆಯಿಲ್ಲ. ಅಪಘಾತವಾದರೆ ಪ್ರಯಾಣಿಕನಿಗೆ ಹೊಣೆ ಯಾರು? 2014ರ ಜುಲೈ 31ರಂದು ದೆಹಲಿ ಹೈಕೋರ್ಟ್ ಇವುಗಳ ಓಡಾಟವನ್ನು ನಿಲ್ಲಿಸಿತು. ಒಂದೇ ದಿನಕ್ಕೆ ಸಾವಿರಾರು ಮನೆಗಳ ಸಂಪಾದನೆ ನಿಂತಿತು. ನ್ಯಾಯಾಲಯದ ಕಳವಳವೂ ಸರಿಯೇ, ಚಾಲಕನ ಹಸಿವೂ ನಿಜವೇ. ಅದೇ ವರ್ಷ ಅಕ್ಟೋಬರಿನಲ್ಲಿ ನಿಯಮಗಳು ಬಂದವು: ನಾಲ್ವರು ಪ್ರಯಾಣಿಕರು, 40 ಕಿಲೋ ಸಾಮಾನು, ಗಂಟೆಗೆ 25 ಕಿಲೋಮೀಟರು ಮಿತಿ. 2015ರಲ್ಲಿ ಮೋಟಾರು ವಾಹನ ಕಾಯ್ದೆಗೇ ತಿದ್ದುಪಡಿಯಾಯಿತು.

ನಮ್ಮ ವಿದ್ಯಾರ್ಥಿಗಳು ಇಂಥ ಗಾಡಿಯ ಮಾದರಿ ಮಾಡಿದಾಗ ಮೋಟಾರು ಎಷ್ಟು ವಾಟು, ಎಷ್ಟು ದೂರ ಓಡುತ್ತದೆ ಎಂದು ಉತ್ಸಾಹದಿಂದ ವಿವರಿಸುತ್ತಾರೆ. ಬ್ರೇಕಿನ ಬಗ್ಗೆ ಕೇಳಿದರೆ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ನಾಲ್ಕು ಜನರ ಭಾರಕ್ಕೆ ಬ್ಯಾಟರಿಯ ಭಾರವೂ ಸೇರಿದಾಗ ಸೈಕಲ್ಲಿನ ಬ್ರೇಕು ಏನು ತಾಳೀತು?

ಇ-ರಿಕ್ಷಾದ ಸೀಟು ಎತ್ತಿದರೆ ಸಾಮಾನ್ಯವಾಗಿ 12 ವೋಲ್ಟಿನ ನಾಲ್ಕು ಬ್ಯಾಟರಿ ಕಾಣುತ್ತವೆ. ಒಂದೊಂದರಲ್ಲೂ ಆರು ಕೋಶ. ಮಾರಿಸನ್ ಸೀಟಿನ ಕೆಳಗಿಟ್ಟದ್ದೂ ಅಷ್ಟೇ. ರಾತ್ರಿಯಿಡೀ ಚಾರ್ಜಿಗೆ ಹಾಕಿ ಬೆಳಿಗ್ಗೆ ಗಾಡಿ ಹೊರಡಿಸುವ ದೆಹಲಿಯ ಚಾಲಕನಿಗೆ ಅವನ ಹೆಸರು ಗೊತ್ತಿರಲಿಕ್ಕಿಲ್ಲ.