ಹೊರಗಿಡೋ ಮೋಡೆಮ್ಮೋ, ಒಳಗಿಡೋ ಮೋಡೆಮ್ಮೋ?

ವಕ್ಕಲೇರಿ ಅಂದ ಕೂಡಲೇ ಇತಿಹಾಸ ಓದಿಕೊಂಡವರಿಗೆ ನೆನಪಾಗೋದು ತಾಮ್ರ. ಬಾದಾಮಿ ಚಾಲುಕ್ಯರ ಇಮ್ಮಡಿ ಕೀರ್ತಿವರ್ಮ ಕ್ರಿ.ಶ. 757ರಲ್ಲಿ ಬರೆಸಿದ ತಾಮ್ರಪಟಗಳು ನಮ್ಮೂರ ಹೆಸರಿನಲ್ಲೇ ಪ್ರಸಿದ್ಧ. ಆದರೆ ಇವತ್ತು ನಾನು ಹೇಳಹೊರಟಿರೋದು ಇನ್ನೊಂದು ತಾಮ್ರದ ವಿಷಯ. ಕಂಬದಿಂದ ಕಂಬಕ್ಕೆ ಜೋತುಬಿದ್ದು ಮನೆಯೊಳಗೆ ಬರುತ್ತಿದ್ದ ಟೆಲಿಫೋನ್ ತಂತಿ, ಅದರ ತುದಿಗೆ ಎಂಥ ಮೋಡೆಮ್ ಹಾಕಬೇಕು ಅನ್ನೋ ಪ್ರಶ್ನೆ. ಇದೂ ಈಗ ಇತಿಹಾಸವೇ ತಾನೆ? ನನ್ನ ತಮ್ಮನ ಮಗನಿಗೆ ಮೋಡೆಮ್ ಕಿರುಚುವ ಸದ್ದು ಕೇಳಿಸಿದರೆ ಯಾವುದೋ ಹಕ್ಕಿ ಅಂದುಕೊಳ್ತಾನೆ :-)

ಸ್ವಲ್ಪ ಹಿಂದಿನಿಂದ ಶುರು ಮಾಡ್ತೀನಿ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅದಕ್ಕೂ ಮುಂಚೆ ಎರ್‌ನೆಟ್ ಇತ್ತು, ಬೆಂಗಳೂರಿನ ಐಐಎಸ್‌ಸಿಯಲ್ಲೂ ಇತ್ತು, ಆದರೆ ಅದು ವಿಜ್ಞಾನಿಗಳ, ಮೇಷ್ಟ್ರುಗಳ ಲೋಕ. ವಿಎಸ್‌ಎನ್‌ಎಲ್ ಕೊಟ್ಟ ಡಯಲಪ್ ವೇಗ ಮೊದಮೊದಲು ಸೆಕೆಂಡಿಗೆ 9.6 ಕಿಲೋಬಿಟ್. ಬೆಂಗಳೂರಿನವರಿಗೇನೋ ಲೋಕಲ್ ಕಾಲ್, ಕೋಲಾರದ ಕಡೆಯವರು ಡಯಲ್ ಮಾಡಿದರೆ ಎಸ್‌ಟಿಡಿ! ಒಂದು ಮಿಂಚೆ ತೆಗೆದು ನೋಡೋದಕ್ಕಿಂತ ಬಸ್ ಹತ್ತಿ ಬೆಂಗಳೂರಿಗೆ ಹೋಗಿ ಬರೋದೇ ಅಗ್ಗ ಅಂತ ತಮಾಷೆ ಮಾಡ್ತಿದ್ವಿ. 1998ರ ನವೆಂಬರ್‌ನಲ್ಲಿ ಖಾಸಗಿಯವರಿಗೂ ಅವಕಾಶ ಸಿಕ್ಕಿತು. ಆಮೇಲೆ 172ರಿಂದ ಶುರುವಾಗೋ ನಂಬರುಗಳು ಬಂದವು, ಲೋಕಲ್ ದರದಲ್ಲೇ ಇಂಟರ್ನೆಟ್ಟಿಗೆ ಹೋಗಬಹುದಾಯಿತು. 2000ದ ಅಕ್ಟೋಬರ್ 1ಕ್ಕೆ ಬಿಎಸ್‌ಎನ್‌ಎಲ್ ಹುಟ್ಟಿತು, ಅದರ ಸಂಚಾರ್‌ನೆಟ್ ಕಾರ್ಡು ಅಂಗಡಿಗಳಲ್ಲಿ ಸಿಗತೊಡಗಿತು. ನಮ್ಮಂಥ ಹೋಬಳಿ ಊರುಗಳ ಜನ ಮನೆಗೆ ಮೋಡೆಮ್ ತರೋ ಯೋಚನೆ ಮಾಡಿದ್ದೇ ಆಗ.

ಅಂಗಡಿಗೆ ಹೋದರೆ, ಅಂದರೆ ಬೆಂಗಳೂರಿನ ಎಸ್.ಪಿ. ರೋಡಿಗೆ, ಎರಡು ಜಾತಿಯ ಮೋಡೆಮ್ ತೋರಿಸ್ತಿದ್ರು. ಒಂದು ಕಂಪ್ಯೂಟರ್ ಒಳಗೆ ಸಿಗಿಸೋ ಕಾರ್ಡು. ಇನ್ನೊಂದು ಮೇಜಿನ ಮೇಲೆ ಕೂರೋ ಡಬ್ಬಿ, ಅದಕ್ಕೊಂದು ಸೀರಿಯಲ್ ಕೇಬಲ್ಲು, ಒಂದು ಅಡಾಪ್ಟರು. ಡಬ್ಬಿಗೆ ಕಾರ್ಡಿನ ಎರಡು ಮೂರು ಪಟ್ಟು ಬೆಲೆ. "ಎರಡೂ 56ಕೆ ಅಣ್ಣಾ, ಕೆಲಸ ಒಂದೇ, ಸುಮ್ನೆ ಯಾಕೆ ಜಾಸ್ತಿ ಕೊಡ್ತೀರಾ?" ಅಂತ ಅಂಗಡಿ ಹುಡುಗನೇ ಬುದ್ಧಿ ಹೇಳ್ತಿದ್ದ. ಬೆಂಗಳೂರಿನ ಮಟ್ಟಿಗೆ ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಊರಿನ ಲೈನಿಗೆ ಮಾತ್ರ ಆ ಮಾತು ಒಪ್ಪುತ್ತಿರಲಿಲ್ಲ.

ಮೊದಲನೆಯದಾಗಿ ಈ 56ಕೆ ಅನ್ನೋದು. 1997ರಲ್ಲಿ ಎಕ್ಸ್2, ಕೆ56ಫ್ಲೆಕ್ಸ್ ಅಂತ ಎರಡು ಪಂಗಡದವರು ಕಿತ್ತಾಡಿ, 1998ರಲ್ಲಿ ವಿ.90 ಅನ್ನೋ ಒಂದೇ ಮಾನದಂಡಕ್ಕೆ ರಾಜಿಯಾದರು. ಇದರ ಗುಟ್ಟು ಏನಪ್ಪಾ ಅಂದ್ರೆ, ಇಂಟರ್ನೆಟ್ ಕೊಡುವವನಿಂದ ನಿಮ್ಮೂರ ಎಕ್ಸ್‌ಚೇಂಜ್ ತನಕ ಎಲ್ಲವೂ ಡಿಜಿಟಲ್ ಆಗಿರಬೇಕು, ಕೊನೇ ತುಂಡು ತಂತಿಯಲ್ಲಿ ಮಾತ್ರ ಅನಲಾಗ್ ಇರಬೇಕು. ನಡುವೆ ಎಲ್ಲಾದರೂ ಇನ್ನೊಂದು ಸಲ ಅನಲಾಗ್ ಆಯಿತೋ, ವೇಗ 33.6ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯಿತು. ಹಳ್ಳಿಗಳಿಗೆ ಡಿಜಿಟಲ್ ಎಕ್ಸ್‌ಚೇಂಜ್ ತಂದ ಪುಣ್ಯ ಸಿ-ಡಾಟ್‌ನವರದ್ದು. ಅವರ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು ನಮ್ಮ ಕಿತ್ತೂರಿನಲ್ಲೇ, 1986ರಲ್ಲಿ. ಏಸಿ ಇಲ್ಲದೆ ಧೂಳು, ಸೆಖೆ ತಡೆದುಕೊಂಡು ನಡೆಯೋ ಯಂತ್ರ ಅದು. ನಿಜಕ್ಕೂ ದೊಡ್ಡ ಕೆಲಸ. ಆದರೆ ಎಕ್ಸ್‌ಚೇಂಜ್ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಂದ ಮನೆಗೆ ಬರೋ ತಂತಿ ನೀಲಗಿರಿ ತೋಪು, ಹುಣಸೆ ಮರ ಎಲ್ಲಾ ದಾಟಿಕೊಂಡೇ ಬರಬೇಕು. ದಾರಿಯಲ್ಲಿ ಎಷ್ಟು ಕಡೆ ಕಡಿದು ಎಷ್ಟು ಕಡೆ ತಿರುಚಿ ಕಟ್ಟಿದ್ದಾರೋ ಲೆಕ್ಕವಿಲ್ಲ. "ಇದು ಮಾತಾಡಕ್ಕೆ ಹಾಕಿರೋ ಲೈನು ಸಾರ್" ಅಂತ ಲೈನ್‌ಮನ್ ಒಮ್ಮೆ ನನಗೆ ಹೇಳಿದ್ದ. ಪಾಪ, ಅವನು ಹೇಳಿದ್ದು ಸರಿಯೇ. ಮನುಷ್ಯರ ಕಿವಿ ಗೊರಗೊರ ಸದ್ದನ್ನು ಸಹಿಸಿಕೊಳ್ಳುತ್ತೆ, ಮೋಡೆಮ್ ಸಹಿಸಲ್ಲ.

ಹಾಗಾಗಿ ನಮಗೆ ಸಿಕ್ತಿದ್ದದ್ದು ಹೆಚ್ಚೂಕಡಿಮೆ 28.8, ಒಳ್ಳೇ ದಿನ 31.2. ಸೆಕೆಂಡಿಗೆ ಮೂರು ಕಿಲೋಬೈಟ್ ಅಂದುಕೊಳ್ಳಿ. 5 ಎಂಬಿ ಫೈಲಿಗೆ ಅರ್ಧ ಗಂಟೆ. ಮಧ್ಯೆ ಲೈನ್ ಕಟ್ ಆದರೆ ಮತ್ತೆ ಡಯಲ್ಲು, ಮತ್ತೊಂದು ಪಲ್ಸು, ಫೈಲು ಮೊದಲಿಂದ. ಎರಡು ತಿಂಗಳಿಗೊಮ್ಮೆ ಬರೋ ಫೋನ್ ಬಿಲ್ಲನ್ನು ಅಪ್ಪ ಕನ್ನಡಕ ಹಾಕಿಕೊಂಡು ಓದುತ್ತಿದ್ದ ರೀತಿ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಹೇಗೋ ಆಗುತ್ತೆ. ರೇಷ್ಮೆಗೂಡಿಗೆ ಬೆಲೆ ಬಿದ್ದ ವರ್ಷವಾದರೆ ಕೇಳೋದೇ ಬೇಡ.

ಹೊರಗಿನ ಮೋಡೆಮ್ ಉಪಯೋಗಕ್ಕೆ ಬರ್ತಿದ್ದದ್ದು ಇಲ್ಲೇ. ಅಗ್ಗದ ಒಳಕಾರ್ಡುಗಳಲ್ಲಿ ಬಹುಪಾಲು 'ವಿನ್‌ಮೋಡೆಮ್'ಗಳು. ಅಂದರೆ ಅದರಲ್ಲಿ ಅರ್ಧ ಮೋಡೆಮ್ ಮಾತ್ರ ಇರುತ್ತೆ, ಸದ್ದನ್ನು ಅಂಕಿಯಾಗಿಸೋ ನಿಜವಾದ ದುಡಿಮೆ ಕಂಪ್ಯೂಟರಿನ ಪ್ರೊಸೆಸರ್ ತಲೆಗೆ. ಡ್ರೈವರ್ ಇರೋದು ವಿಂಡೋಸಿಗೆ, ಲಿನಕ್ಸ್ ಹಾಕಿಕೊಂಡ ಗೆಳೆಯರು ಕಣ್ಣೀರಿಡ್ತಿದ್ರು. ಡಿ-ಲಿಂಕ್‌ನ ಡಿಎಫ್‌ಎಂ-560ಇ ಥರದ ಸೀರಿಯಲ್ ಡಬ್ಬಿಗಳಲ್ಲಿ ಆ ದುಡಿಮೆಗೆ ತಮ್ಮದೇ ಚಿಪ್ ಇರ್ತಿತ್ತು, ಡ್ರೈವರ್ ಗೋಳೂ ಇರಲಿಲ್ಲ. 1981ರಲ್ಲಿ ಹೇಯ್ಸ್ ಕಂಪನಿ ತನ್ನ ಸ್ಮಾರ್ಟ್‌ಮೋಡೆಮ್‌ನೊಂದಿಗೆ ಹುಟ್ಟುಹಾಕಿದ 'ಎಟಿ' ಆದೇಶಗಳೇ ಅದಕ್ಕೆ ಭಾಷೆ. ಯಾವ ಕಂಪ್ಯೂಟರ್ ಬೇಕಾದರೂ ಅದರ ಜೊತೆ ಮಾತಾಡಬಹುದು. ಯುಎಸ್‌ಬಿ ಡಬ್ಬಿಗಳ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕಿತ್ತು, ಕೆಲವು ನೋಡೋಕೆ ಹೊರಗಿದ್ದರೂ ಹೊಟ್ಟೆಯೊಳಗೆ ವಿನ್‌ಮೋಡೆಮ್ಮೇ.

ಈ ಎಟಿ ಭಾಷೆ ನಮಗೆ ಎಷ್ಟು ಬೇಕಾಗ್ತಿತ್ತು ಅನ್ನೋದಕ್ಕೆ ಒಂದು ಉದಾಹರಣೆ. ನಮ್ಮ ದೇಶದ ಡಯಲ್ ಟೋನ್ ಬೇರೆ, ಅಮೆರಿಕದ್ದು ಬೇರೆ. ಹೊರದೇಶಕ್ಕೆಂದು ತಯಾರಾದ ಮೋಡೆಮ್‌ಗೆ ನಮ್ಮ ಟೋನ್ ಗುರುತೇ ಸಿಗ್ತಿರಲಿಲ್ಲ, ಫೋನ್ ಎತ್ತಿದರೆ ಗುಂಯ್ ಅಂತಿದ್ರೂ ಅದು 'ಡಯಲ್ ಟೋನ್ ಇಲ್ಲ' ಅಂತ ಕೂತುಬಿಡ್ತಿತ್ತು. 'ಎಟಿಎಕ್ಸ್3' ಅಂತ ಒಂದು ಸಾಲು ಬರೆದರೆ ಟೋನಿಗೆ ಕಾಯದೆ ಡಯಲ್ ಮಾಡ್ತಿತ್ತು. ಹಳೇ ಎಕ್ಸ್‌ಚೇಂಜ್ ಆಗಿದ್ದರೆ 'ಎಟಿಡಿಟಿ' ಬದಲು 'ಎಟಿಡಿಪಿ', ಅಂದರೆ ಟೋನ್ ಬದಲು ಟಕಟಕ ಪಲ್ಸ್.

ಇನ್ನು ದೀಪಗಳು. ಡಬ್ಬಿಯ ಮುಖದಲ್ಲಿ ಸಾಲಾಗಿ ಕೆಂಪು ದೀಪ. 'ಓಎಚ್' ಉರಿದರೆ ಫೋನ್ ಎತ್ತಿದೆ ಅಂತ, 'ಸಿಡಿ' ಉರಿದರೆ ಆಚೆಯವನು ಸಿಕ್ಕಿದ್ದಾನೆ, 'ಆರ್‌ಡಿ' ಮಿನುಗಿದರೆ ಏನೋ ಬರ್ತಾ ಇದೆ. ಪುಟ ನಿಂತುಹೋದಾಗ ತಪ್ಪು ಸೈಟಿನದ್ದಾ ಲೈನಿನದ್ದಾ ಅಂತ ಒಂದೇ ನೋಟಕ್ಕೆ ತಿಳೀತಿತ್ತು. ಕಂಪ್ಯೂಟರ್ ತಾನು ಲೈನ್ ಬಿಟ್ಟೆ ಅಂತ ಹೇಳಿದರೂ 'ಓಎಚ್' ಉರೀತಿದ್ದರೆ ಬಿಲ್ ಓಡ್ತಿದೆ ಅಂತಲೇ ಅರ್ಥ, ಸ್ವಿಚ್ ಆರಿಸಿ ಬಿಡೋದು. ಆಗ ಗೊತ್ತಿಲ್ಲದೆ ವಿದೇಶದ ನಂಬರಿಗೆ ಡಯಲ್ ಮಾಡೋ ಕಳ್ಳ ಪ್ರೋಗ್ರಾಮುಗಳೂ ಇದ್ವಲ್ಲ, ಅವಕ್ಕೂ ಇದೇ ಮದ್ದು. ಒಳಗೆ ಕೂತ ಕಾರ್ಡಿಗೆ ಈ ಸ್ವಿಚ್ಚೂ ಇಲ್ಲ ದೀಪವೂ ಇಲ್ಲ.

ಸಿಡಿಲಿನ ವಿಷಯ ಕೋಲಾರದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಬರೋದಕ್ಕಿಂತ ಮುಂಚೆ ಗುಡುಗು ಬರುತ್ತೆ. ಕಂಬದ ಮೇಲಿನ ತಂತಿ ಹಿಡಿದು ಬಂದ ವಿದ್ಯುತ್ತು ಮೊದಲು ತಟ್ಟೋದು ಮೋಡೆಮ್ಮನ್ನು. ಅದು ಕಂಪ್ಯೂಟರಿನ ಒಳಗಿದ್ದರೆ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗ್ತಿತ್ತು. ಪರಿಚಯದವರ ಮನೆಯಲ್ಲಿ ಹಾಗೇ ಆಯಿತು, ಮಗನ ಡಿಪ್ಲೊಮಾ ಪ್ರಾಜೆಕ್ಟ್ ಸಮೇತ. ಹೊರಗಿನದಾದರೆ ಬಹುಮಟ್ಟಿಗೆ ಡಬ್ಬಿ ಮಾತ್ರ ಸಾಯ್ತಿತ್ತು. ಬಹುಮಟ್ಟಿಗೆ ಅಂದೆ, ಸೀರಿಯಲ್ ಪೋರ್ಟ್ ಸುಟ್ಟವರೂ ಇದ್ದಾರೆ. ಎರಡು ತಂತಿ ಕಿತ್ತಿಡೋದೇ ಕ್ಷೇಮ, ಮೇಜಿನ ಮೇಲಿದ್ದರೆ ಅಮ್ಮನೂ ಕೀಳಬಹುದು. ಒಂದು ಕೊರತೆಯನ್ನೂ ಹೇಳಿಬಿಡ್ತೀನಿ. ಕರೆಂಟ್ ಹೋದಾಗ ಕಂಪ್ಯೂಟರ್ ಯುಪಿಎಸ್‌ನಲ್ಲಿ ಉಸಿರಾಡ್ತಿದ್ದರೂ, ಅಡಾಪ್ಟರನ್ನು ಗೋಡೆಗೆ ಸಿಗಿಸಿದ್ದರೆ ಮೋಡೆಮ್ ಸತ್ತೇಹೋಗ್ತಿತ್ತು. ಊರಿನಲ್ಲಿ ಕರೆಂಟ್ ಹೋಗೋದೇನು ಅಪರೂಪವೇ?

ಬ್ಲಾಗಿಗರಿಗೆ ಇಷ್ಟವಾಗಬಹುದಾದ ಒಂದು ಸಂಗತಿ. ಯೂನಿಕೋಡ್ ಕನ್ನಡ ಭಾರ, ಡಯಲಪ್ಪಿಗೆ ಆಗಿಬರಲ್ಲ ಅಂತ ಆಗ ಒಂದು ವಾದವಿತ್ತು. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಆದರೆ ಕನ್ನಡದ ಪ್ರತಿ ಚಿಹ್ನೆಗೆ ಮೂರು. ಲೆಕ್ಕ ನಿಜ. ಆದರೆ ಆ ಮೂರರಲ್ಲಿ ಮೊದಲನೆಯದು ಎಲ್ಲಾ ಕನ್ನಡ ಚಿಹ್ನೆಗಳಿಗೂ ಒಂದೇ, ಎರಡನೆಯದು ಎರಡರಲ್ಲೊಂದು. ಮೋಡೆಮ್‌ಗಳು ಪಾಲಿಸುತ್ತಿದ್ದ ವಿ.42ಬಿಸ್ ಅನ್ನೋ ನಿಯಮದ ಕೆಲಸವೇ ಮತ್ತೆ ಮತ್ತೆ ಬರೋದನ್ನು ಒತ್ತಿ ಚಿಕ್ಕದು ಮಾಡೋದು. ಆದ್ದರಿಂದ ತಂತಿಯ ಮೇಲೆ ನಮ್ಮ ಕನ್ನಡ ಮೂರು ಪಟ್ಟು ಭಾರವೇನೂ ಆಗಿರಲಿಲ್ಲ. ಪುಟ ತೆರೆಯೋಕೆ ಹೊತ್ತು ಹಿಡೀತಿದ್ದದ್ದು ಹೂವು, ಚಿಟ್ಟೆ, ಕುಣಿಯೋ ಗಣಪತಿ ಚಿತ್ರಗಳಿಂದ. ಆ ಚಿತ್ರಗಳು ಮೊದಲೇ ಒತ್ತಿಟ್ಟವು, ಮೋಡೆಮ್ ಇನ್ನೇನು ಒತ್ತೀತು?

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಯಿತು. ಸೆಕೆಂಡಿಗೆ 256 ಕಿಲೋಬಿಟ್, ಅದೇ ಜೋಡಿ ತಾಮ್ರದ ತಂತಿಯಲ್ಲಿ. ಆಗ ಹೊರಗೋ ಒಳಗೋ ಅನ್ನೋ ಚರ್ಚೆ ನಿಂತೇಹೋಯಿತು, ಎಡಿಎಸ್‌ಎಲ್ ಮೋಡೆಮ್ ಅಂತ ಕೊಡ್ತಿದ್ದದ್ದೇ ದೀಪಗಳಿರೋ ಡಬ್ಬಿ. ನಮ್ಮ ಮನೆಗೆ ಅದು ಬಂದದ್ದು ಬಹಳ ತಡವಾಗಿ. ಅವತ್ತು ಬಂದ ಲೈನ್‌ಮನ್ ಡಬ್ಬಿ ಬಿಚ್ಚೋ ಮುಂಚೆ ಬೀದಿ ಕೊನೆಯ ಕಂಬ ಹತ್ತಿ, ಹಸಿರುಗಟ್ಟಿದ್ದ ಹಳೇ ಜಾಯಿಂಟನ್ನು ಕತ್ತರಿಸಿ ಹೊಸದಾಗಿ ಜೋಡಿಸಿದ. ಅಷ್ಟೂ ವರ್ಷ ನಮ್ಮ ಲೈನ್ ಗೊರಗೊರ ಅಂತಿದ್ದದ್ದು ಅದರಿಂದಲೇ ಅಂತೆ. ಹತ್ತು ನಿಮಿಷದ ಕೆಲಸ.