ರೆಡ್ ಕ್ರಾಸ್‌ನ ಮೌನ ಮತ್ತು ಸೊಮ್ಮಾರುಗಾ

ರೆಡ್ ಕ್ರಾಸ್ ಎಂದೊಡನೆ ನಮಗೆ ನೆನಪಾಗುವುದು ೧೮೫೯ರ ಸೋಲ್ಫೆರಿನೋ ರಣರಂಗ ಮತ್ತು ಹೆನ್ರಿ ಡ್ಯೂನಾಂಟ್. ಪಠ್ಯಪುಸ್ತಕಗಳೂ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತವೆ. ಆದರೆ ಆ ಸಂಸ್ಥೆಯ ಚರಿತ್ರೆಯಲ್ಲಿ ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ ಬೇರೆಯದು. ಅನ್ಯಾಯವನ್ನು ಕಣ್ಣಾರೆ ಕಂಡವನು ಯಾವಾಗ ಮೌನವಾಗಿರಬೇಕು, ಯಾವಾಗ ಬಾಯಿ ತೆರೆಯಬೇಕು? ಈ ಪ್ರಶ್ನೆಯನ್ನು ಹನ್ನೆರಡು ವರ್ಷಗಳಿಗೂ ಮಿಕ್ಕಿ ಹೆಗಲ ಮೇಲೆ ಹೊತ್ತವರು ಕಾರ್ನೇಲಿಯೋ ಸೊಮ್ಮಾರುಗಾ.

೧೯೩೨ರಲ್ಲಿ ರೋಮ್ ನಗರದಲ್ಲಿ ಜನಿಸಿದ ಈ ಸ್ವಿಸ್ ಪ್ರಜೆ ಕಾನೂನು ವ್ಯಾಸಂಗ ಮುಗಿಸಿ ೧೯೬೦ರಲ್ಲಿ ವಿದೇಶಾಂಗ ಸೇವೆಗೆ ಸೇರಿದರು. ವಾಣಿಜ್ಯ ಸಂಧಾನಗಳಲ್ಲಿ ಪಳಗಿ, ೧೯೮೪ರಲ್ಲಿ ವಿದೇಶೀ ಆರ್ಥಿಕ ವ್ಯವಹಾರಗಳ ಕಾರ್ಯದರ್ಶಿಯಾದರು. ಆಮದು ರಫ್ತುಗಳ ಲೆಕ್ಕದಲ್ಲಿ ಮುಳುಗಿದ್ದ ಇವರು ೧೯೮೭ರ ಮೇ ತಿಂಗಳಲ್ಲಿ ಜಿನೀವಾದ ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಅಧ್ಯಕ್ಷಪೀಠವೇರಿದರು. ೧೯೯೯ರ ಅಂತ್ಯದವರೆಗೂ ಅಲ್ಲಿದ್ದರು.

ಸಮಿತಿಯ ಪ್ರತಿನಿಧಿಗಳು ಸೆರೆಮನೆಗಳ ಒಳಗೆ ಹೋಗಿ ಕೈದಿಗಳನ್ನು ಕಾಣುತ್ತಾರೆ. ಕಂಡದ್ದನ್ನು ಆಯಾ ಸರ್ಕಾರಕ್ಕೆ ತಿಳಿಸುತ್ತಾರೆಯೇ ಹೊರತು ಸಾಮಾನ್ಯವಾಗಿ ಪತ್ರಿಕೆಗಳಿಗಲ್ಲ. ಆ ನಂಬಿಕೆಯಿಂದಲೇ ಬಾಗಿಲು ಮತ್ತೊಮ್ಮೆ ತೆರೆಯುತ್ತದೆ. ಗುಟ್ಟು ಕಾಯುವುದು ರಾಜತಂತ್ರಜ್ಞನಿಗೆ ಹೊಸತೇನಲ್ಲ.

ಆದರೆ ಇದೇ ಮೌನಕ್ಕೆ ಕರಾಳ ಮುಖವೊಂದಿದೆ. ೧೯೪೨ರ ಅಕ್ಟೋಬರ್ ೧೪ರಂದು, ನಾಜಿಗಳ ಹತ್ಯಾಕಾಂಡದ ಸುದ್ದಿ ಜಿನೀವಾಕ್ಕೆ ತಲುಪಿದ್ದಾಗ, ಸಮಿತಿಯ ಮುಂದೆ ಬಹಿರಂಗ ಮನವಿಯ ಕರಡೊಂದಿತ್ತು. ಅದು ಯಾವ ದೇಶವನ್ನೂ ಹೆಸರಿಸಿರಲಿಲ್ಲ. ಹಲವು ಸದಸ್ಯರು ಅದರ ಪರವಾಗಿದ್ದರು. ಆಗಿನ ಸ್ವಿಸ್ ಅಧ್ಯಕ್ಷ, ಸಮಿತಿಯ ಸದಸ್ಯರೂ ಆಗಿದ್ದ ಫಿಲಿಪ್ ಎಟ್ಟರ್ ವಿರೋಧಿಸಿದರು. ಕರಡು ಕಡತ ಸೇರಿತು. ಇದನ್ನು ಸಂಸ್ಥೆಯ ನೈತಿಕ ಸೋಲೆಂದು ಅಧ್ಯಕ್ಷರಾಗಿಯೇ ಒಪ್ಪಿಕೊಂಡವರು ಸೊಮ್ಮಾರುಗಾ. ಅವರ ಕಾಲದಲ್ಲಿಯೇ ಸಮಿತಿಯ ಹಳೆಯ ದಾಖಲೆಗಳು ಸಂಶೋಧಕರಿಗೆ ತೆರೆದುಕೊಂಡವು.

ತಾವು ಮಾತನಾಡಬೇಕಾದ ಗಳಿಗೆ ಬಂದಾಗ ಅವರು ಹಿಂಜರಿಯಲಿಲ್ಲ. ನೆಲಬಾಂಬುಗಳಿಂದ ಕಾಲು ಕಳೆದುಕೊಂಡವರಿಗೆ ಸಮಿತಿಯ ವೈದ್ಯರು ವರ್ಷಗಟ್ಟಲೆ ಶಸ್ತ್ರಚಿಕಿತ್ಸೆ ಮಾಡುತ್ತ ಬಂದಿದ್ದರು. ೧೯೯೪ರಲ್ಲಿ ಸೊಮ್ಮಾರುಗಾ ಆ ಬಾಂಬುಗಳ ಸಂಪೂರ್ಣ ನಿಷೇಧಕ್ಕೆ ಬಹಿರಂಗವಾಗಿ ಕರೆ ನೀಡಿದರು. ೧೯೯೭ರಲ್ಲಿ ಒಟ್ಟಾವಾ ಒಪ್ಪಂದಕ್ಕೆ ಸಹಿ ಬಿತ್ತು. ನಮ್ಮ ಭಾರತ ಅದಕ್ಕೆ ಸಹಿ ಹಾಕಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

ತಟಸ್ಥರಾಗಿದ್ದರೆ ಕ್ಷೇಮವೆಂಬ ಮಾತೂ ಸುಳ್ಳಾಯಿತು. ೧೯೯೬ರ ಡಿಸೆಂಬರ್ ೧೭ರಂದು ಚೆಚೆನ್ಯಾದ ನೋವಿಯೆ ಅಟಾಗಿ ಆಸ್ಪತ್ರೆಯಲ್ಲಿ ರಾತ್ರಿ ಮಲಗಿದ್ದ ಆರು ಮಂದಿ ಸಿಬ್ಬಂದಿಯನ್ನು ಮುಸುಕುಧಾರಿಗಳು ಗುಂಡಿಟ್ಟು ಕೊಂದರು. ಅವರಲ್ಲಿ ಹೆಚ್ಚಿನವರು ದಾದಿಯರು.

ಸೊಮ್ಮಾರುಗಾ ೨೦೨೪ರ ಫೆಬ್ರವರಿಯಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಬಾಳನ್ನು ಓದಿದ ಮೇಲೆ ನನಗೆ ತೋರುವುದಿಷ್ಟು. ಕೈದಿಯ ಬಳಿಗೆ ಹೋಗುವ ದಾರಿ ಮುಚ್ಚದಿರಲೆಂದು ತಾಳುವ ಮೌನ ಬೇರೆ, ತನ್ನ ದೇಶಕ್ಕೆ ಕಿರಿಕಿರಿಯಾಗದಿರಲೆಂದು ತಾಳುವ ಮೌನ ಬೇರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಯಾರಿಗಾಗಿ ಸುಮ್ಮನಿದ್ದೇನೆಂದು ಸುಮ್ಮನಿರುವವನೇ ತನ್ನನ್ನು ಕೇಳಿಕೊಳ್ಳಬೇಕು.