ಧಾರವಾಡಕ್ಕೆ ಹೋದವರು, ಹೋಗದೆ ಉಳಿದವರು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನೀಗ ನಮ್ಮ ಭಾಗದ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಉಪನ್ಯಾಸಕ. ಯೋಗಕ್ಷೇಮದ ಮಾತು ಮುಗಿದ ಮೇಲೆ, "ಸರ, ತರಬೇತಿಗೆ ನನ್ನ ಹೆಸರು ಬಂದೈತ್ರಿ. ಆದ್ರ ಕಾಲೇಜಿನವರು ಬಿಡವಲ್ರು. ನೀ ಹೋದ್ರ ನಿನ್ನ ಕ್ಲಾಸು ಯಾರು ತಗೋಬೇಕು ಅಂತಾರ್ರಿ" ಎಂದ. ಸುಮಾರು ಐವತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ನನಗೂ ಕೇಳಿದ್ದರು. ಅವನಿಗೆ ಆ ಹೊತ್ತಿನಲ್ಲಿ ಸರಿಯಾದ ಉತ್ತರ ಕೊಡಲು ನನಗಾಗಲಿಲ್ಲ. "ಬರೆದು ತಿಳಿಸುತ್ತೇನೆ" ಎಂದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಕಲಿಸುವವರು ತಾವು ಕಲಿಯಲು ಎಲ್ಲೆಲ್ಲಿಗೆ ಹೋದರು, ಯಾರು ಹೋಗಲಾಗದೆ ಉಳಿದರು ಎಂಬುದನ್ನು ನೆನಪಿಸಿಕೊಳ್ಳುವ ಪ್ರಯತ್ನವಿದು.

ಇಂಗ್ಲಿಷರ ಆಡಳಿತದ ಶಾಲೆಗಳು ಬರುವ ಮುನ್ನ ನಮ್ಮ ಹಳ್ಳಿಗಳಲ್ಲಿ ಇದ್ದದ್ದು ಐಗಳ ಮಠಗಳು, ಗಾಂವಠಿ ಶಾಲೆಗಳು. ಅಲ್ಲಿ ಕಲಿಸುವವನಿಗೆ ಪ್ರತ್ಯೇಕವಾದ ತರಬೇತಿ ಎಂಬುದಿರಲಿಲ್ಲ. ಯಾರ ಬಳಿ ಕಲಿತನೋ ಅವರು ಕಲಿಸಿದಂತೆಯೇ ಇವನೂ ಕಲಿಸುತ್ತಿದ್ದ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಮಗ್ಗಿಯನ್ನು ಒಕ್ಕೊರಲಿನಿಂದ ಹೇಳುವುದು, ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಒಪ್ಪಿಸುವುದು ಇವೆಲ್ಲ ಹೀಗೆಯೇ ತಲೆಮಾರಿನಿಂದ ತಲೆಮಾರಿಗೆ ಬಂದವು. ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದ ಶರೀಫ ಸಾಹೇಬರು (1819–1889) ಮುಲ್ಕಿ ಪರೀಕ್ಷೆ ಮುಗಿಸಿ ಕೆಲವು ಕಾಲ ಸುತ್ತಲಿನ ಹಳ್ಳಿಗಳಲ್ಲಿ ಶಾಲಾ ಶಿಕ್ಷಕರಾಗಿದ್ದರು ಎಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಅವರು ಮಾಸ್ತರಿಕೆ ಬಿಟ್ಟು ಕಳಸದ ಗೋವಿಂದಭಟ್ಟರ ಶಿಷ್ಯರಾದರು. ಅವರ ನಿಜವಾದ ತರಬೇತಿ ಅಲ್ಲಿ ನಡೆಯಿತು ಎನ್ನಬಹುದು. ಕಲಿಸುವ ಕೆಲಸದಲ್ಲಿದ್ದವನಿಗೂ ಕಲಿಯುವ ಹಸಿವು ಇರುತ್ತದೆ ಎಂಬುದಕ್ಕೆ ನಮ್ಮ ನೆಲದ ಹಳೆಯ ಸಾಕ್ಷಿ ಅವರು.

1854ರ ವುಡ್ ಸಾಹೇಬರ ಶಿಕ್ಷಣ ವರದಿಯು ಕಂಪನಿ ಸರಕಾರಕ್ಕೆ ಒಂದು ಮುಖ್ಯವಾದ ಮಾತನ್ನು ಹೇಳಿತು. ಶಾಲೆಗಳನ್ನು ತೆರೆದರೆ ಸಾಲದು, ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಗಳೂ ಬೇಕು ಎಂಬುದೇ ಆ ಮಾತು. ಆಗ ನಮ್ಮ ತಾಲ್ಲೂಕುಗಳ ಬಹುಭಾಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿತ್ತು. ಸವಣೂರು ಮಾತ್ರ ನವಾಬರ ಪುಟ್ಟ ಸಂಸ್ಥಾನವಾಗಿ 1948ರವರೆಗೂ ಬೇರೆಯಾಗಿಯೇ ಉಳಿದಿತ್ತು. ಮೊದಲು ಬೆಳಗಾವಿಯಲ್ಲಿ ನಾರ್ಮಲ್ ಸ್ಕೂಲು ನಡೆದು, 1860ರ ದಶಕದಲ್ಲಿ ಧಾರವಾಡದಲ್ಲಿ ಟ್ರೇನಿಂಗ್ ಕಾಲೇಜು ನೆಲೆಗೊಂಡಿತು. ಅದರ ಹೊಣೆ ಹೊತ್ತವರಲ್ಲಿ ಪ್ರಮುಖರು ಡೆಪ್ಯುಟಿ ಚನ್ನಬಸಪ್ಪನವರು (1833–1881). ಮರಾಠಿಯೇ ಮೆರೆಯುತ್ತಿದ್ದ ನಾಡಿನಲ್ಲಿ ಕನ್ನಡ ಶಾಲೆಗಳನ್ನು ತೆರೆಯಿಸಬೇಕೆಂದು ಅವರು ಹಟ ಹಿಡಿದದ್ದನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ಕನ್ನಡ ಶಾಲೆಗೆ ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರನೇ ಇಲ್ಲದಿದ್ದರೆ ಆ ಹಟ ಫಲಿಸುತ್ತಿರಲಿಲ್ಲ. ಟ್ರೇನಿಂಗ್ ಕಾಲೇಜೇ ಅದರ ಬುನಾದಿ.

ಅಂದಿನಿಂದ ನಮ್ಮ ಕಡೆಯ ಮಾತಿನಲ್ಲಿ "ಧಾರವಾಡಕ್ಕೆ ಹೋಗಿ ಬಂದಾನ" ಎಂದರೆ ತರಬೇತಿ ಪಡೆದ ಮಾಸ್ತರ ಎಂದೇ ಅರ್ಥ. ಏಳನೆಯ ಇಯತ್ತೆ ಕಲಿತು ಮುಲ್ಕಿ ಪಾಸಾದ ಹುಡುಗ ಬುತ್ತಿ ಕಟ್ಟಿಕೊಂಡು ಚಕ್ಕಡಿಯಲ್ಲಿ ಹೊರಟು ಅಲ್ಲಿಗೆ ಸೇರುತ್ತಿದ್ದ. ತರಬೇತಿಯಾದವನಿಗೂ ಆಗದವನಿಗೂ ಪಗಾರದಲ್ಲಿ ಅಂತರವಿತ್ತು, ಊರವರು ಕೊಡುವ ಮರ್ಯಾದೆಯಲ್ಲಿಯೂ ಅಂತರವಿತ್ತು. ಹಾಗೆ ಹೋದವರಲ್ಲಿ ಒಬ್ಬರು ಹಿರೇಕೆರೂರು ಸೀಮೆಯ ಸಾತೇನಹಳ್ಳಿಯಲ್ಲಿ ಹುಟ್ಟಿದ ಸಕ್ಕರಿ ಬಾಳಾಚಾರ್ಯರು (1856–1920), ಶಾಂತಕವಿ ಎಂದು ನಾಡಿಗೆ ಪರಿಚಿತರು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಶಿಕ್ಷಕರಾದ ಅವರು ಗದುಗಿನಲ್ಲಿ ನಾಟಕ ಮಂಡಳಿ ಕಟ್ಟಿ, ಮರಾಠಿ ನಾಟಕಗಳ ಅಬ್ಬರದ ನಡುವೆ ಕನ್ನಡ ನಾಟಕವನ್ನು ರಂಗಕ್ಕೆ ತಂದರು. ನಮ್ಮ ನೆರೆಯ ಹಾವೇರಿ ತಾಲ್ಲೂಕಿನ ಗಳಗನಾಥರೂ (1869–1942) ಇಂಥ ಮಾಸ್ತರಿಕೆಯಿಂದಲೇ ಕಾದಂಬರಿಗೆ ಬಂದವರು. ಪಾಠ ಹೇಳುವ ಕ್ರಮ ಕಲಿಯಲು ಹೋದವರು ಭಾಷೆಯ ಅಭಿಮಾನವನ್ನೂ ಕಟ್ಟಿಕೊಂಡು ಮರಳಿದರು. ಧಾರವಾಡದಲ್ಲಿ ಬೇರೆ ಬೇರೆ ಊರಿನ ಸಮಾನ ವಯಸ್ಕರು ಒಂದೇ ಕಡೆ ಉಂಡು, ಮಲಗಿ, ವಾದ ಮಾಡಿದ್ದರ ಫಲವದು.

ಆದರೆ ಎಲ್ಲರೂ ಧಾರವಾಡಕ್ಕೆ ಹೋಗಲು ಸಾಧ್ಯವಿರಲಿಲ್ಲ. ಏಕೋಪಾಧ್ಯಾಯ ಶಾಲೆಯ ಮಾಸ್ತರ ಹೊರಟರೆ ಶಾಲೆಗೆ ಬೀಗವೇ ಗತಿ. ಅಂಥವರಿಗಾಗಿ ನಮ್ಮ ಹಿರಿಯರು ಕಂಡುಕೊಂಡ ಉಪಾಯ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. 1865ರಲ್ಲಿ ಬೆಳಗಾವಿಯಿಂದ 'ಮಠಪತ್ರಿಕೆ' ಹೊರಟಿತು. ಇಲ್ಲಿ ಮಠವೆಂದರೆ ಶಾಲೆ. ಮುಂದೆ ಅದು 'ಶಾಲಾಪತ್ರಿಕೆ'ಯಾಯಿತು, ವೆಂಕಟ ರಂಗೋ ಕಟ್ಟಿಯವರಂಥ ವಿದ್ವಾಂಸರು ಅದನ್ನು ಬೆಳೆಸಿದರು. ಆಮೇಲೆ ಧಾರವಾಡದಿಂದ 'ಜೀವನ ಶಿಕ್ಷಣ' ಎಂಬ ಹೆಸರಿನಲ್ಲಿ ಮುಂದುವರಿಯಿತು. ಧಾರವಾಡಕ್ಕೆ ಬರಲಾಗದ ಮಾಸ್ತರನಲ್ಲಿಗೆ ಧಾರವಾಡವೇ ಅಂಚೆಯಲ್ಲಿ ಬಂದಂತೆ. ನಾನು ಕೆಲಸಕ್ಕೆ ಸೇರಿದ ಶಾಲೆಯ ಕಪಾಟಿನಲ್ಲಿ ಇದರ ಹಳೆಯ ಸಂಚಿಕೆಗಳ ಕಟ್ಟು ಇತ್ತು. ಅಂಚಿನಲ್ಲಿ ಯಾರೋ ಹಿರಿಯ ಮಾಸ್ತರರು ಸೀಸದಕಡ್ಡಿಯಿಂದ ಬರೆದ ಟಿಪ್ಪಣಿಗಳಿದ್ದವು. ಆ ಅಕ್ಷರಗಳನ್ನು ನೋಡಿದಾಗ, ನನಗಿಂತ ಮೊದಲು ಇದೇ ಕುರ್ಚಿಯಲ್ಲಿ ಕುಳಿತು ಒಬ್ಬರು ತಮ್ಮಷ್ಟಕ್ಕೆ ತಾವು ಕಲಿಯುತ್ತಿದ್ದರಲ್ಲ ಎನಿಸಿ ಮನಸ್ಸು ತುಂಬಿ ಬರುತ್ತಿತ್ತು.

ನನ್ನ ಕಥೆಯೂ ಅದೇ ಜಾತಿಯದು. 1970ರ ದಶಕದಲ್ಲಿ ಪದವಿ ಮುಗಿಸಿ ಹಾನಗಲ್ಲ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ತರಬೇತಿಯಿಲ್ಲದ ಶಿಕ್ಷಕನಾಗಿ ಸೇರಿದೆ. ಬಿ.ಎಡ್. ಮಾಡಲು ಒಂದು ವರ್ಷ ಬಿಡಿ ಎಂದು ಕೇಳಿದಾಗ ಆಡಳಿತದವರು ಒಪ್ಪಲಿಲ್ಲ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು (1963) ಆಗ ಬೇಸಿಗೆ ರಜೆಯ ತರಗತಿ ಮತ್ತು ಅಂಚೆ ಪಾಠಗಳನ್ನು ಕೂಡಿಸಿ ಬಿ.ಎಡ್. ನಡೆಸುತ್ತಿತ್ತು. ಎರಡು ಬೇಸಿಗೆ ಮೈಸೂರು, ನಡುವೆ ಅಂಚೆಯವನ ದಾರಿ ಕಾಯುವುದು. ರಾತ್ರಿ ಕಂದೀಲಿನ ಬೆಳಕಿನಲ್ಲಿ ಉತ್ತರ ಬರೆದು ಕಳುಹಿಸುತ್ತಿದ್ದೆ, ಕೆಂಪು ಮಸಿಯ ತಿದ್ದುಪಡಿಯೊಡನೆ ಅದು ಮರಳಿ ಬರುತ್ತಿತ್ತು. ಮಕ್ಕಳ ಉತ್ತರಪತ್ರಿಕೆಯ ಮೇಲೆ ಬರೀ ಅಂಕ ಹಾಕದೆ ಎರಡು ಸಾಲು ಬರೆಯುವ ನನ್ನ ಅಭ್ಯಾಸ ಹುಟ್ಟಿದ್ದೇ ಆಗ. ನಿಮ್ಮಲ್ಲಿ ಕೆಲವರು ಆ ಎರಡು ಸಾಲುಗಳನ್ನು ನೆನೆದು ಇಂದಿಗೂ ನಗುತ್ತೀರಿ.

ಇನ್ನು ಕಾಲೇಜುಗಳ ಮಾತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ. ನಮ್ಮ ತಾಲ್ಲೂಕು ಕೇಂದ್ರಗಳಿಗೆ ಪದವಿ ಕಾಲೇಜು ಬಂದದ್ದು ಅದಕ್ಕಿಂತ ಬಹಳ ತಡವಾಗಿ. ಪ್ರಾಥಮಿಕ ಶಾಲೆಯ ಮಾಸ್ತರನಿಗೆ ತರಬೇತಿ ಬೇಕು, ಕಾಲೇಜಿನ ಅಧ್ಯಾಪಕನಿಗೆ ಎಂ.ಎ. ಆಗಿದ್ದರೆ ಸಾಕು ಎಂಬ ನಂಬಿಕೆ ಬಹುಕಾಲ ನಡೆಯಿತು. ವಿಷಯ ಬಲ್ಲವನಿಗೆ ಕಲಿಸುವುದು ತಾನಾಗಿಯೇ ಬರುತ್ತದೆ ಎಂಬ ಭ್ರಮೆ ಅದು. ಆ ಭ್ರಮೆಯನ್ನು ಕಳೆಯಲು ದುಡಿದವರಲ್ಲಿ ಒಬ್ಬರು ಸವಣೂರಿನವರೇ ಎಂಬುದು ನಮಗೆ ಹೆಮ್ಮೆಯ ಸಂಗತಿ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದಾಗ ಅವರ ಸಂಸ್ಥೆಯಾದ ಡೆಕ್ಕನ್ ಎಜುಕೇಷನ್ ಸೊಸೈಟಿ ಅವರನ್ನು ಹೆಚ್ಚಿನ ವ್ಯಾಸಂಗಕ್ಕೆ ಆಕ್ಸ್‌ಫರ್ಡಿಗೆ ಕಳುಹಿಸಿತು. 1938ರಲ್ಲಿ ಮರಳಿದ ಅವರು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರಾದರು. ಸಂಸ್ಥೆಯೊಂದು ತನ್ನ ಅಧ್ಯಾಪಕನನ್ನು ಎರಡು ವರ್ಷ ಬಿಟ್ಟುಕೊಟ್ಟದ್ದರಿಂದ ಅದಕ್ಕಾದ ನಷ್ಟವೇನು, ನಾಡಿಗಾದ ಲಾಭವೇನು ಎಂದು ನೀವೇ ಲೆಕ್ಕ ಹಾಕಿ. ಮುಂದೆ ಹೈದರಾಬಾದಿನಲ್ಲಿ 1958ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗೆ ಗೋಕಾಕರು ನಿರ್ದೇಶಕರಾದರು. ದೇಶದ ನಾನಾ ಭಾಗಗಳ ಇಂಗ್ಲಿಷ್ ಅಧ್ಯಾಪಕರು ತಿಂಗಳುಗಟ್ಟಲೆ ಉಳಿದು ಕಲಿಸುವ ಕಲೆಯನ್ನು ಕಲಿತದ್ದು ಅಲ್ಲಿ. ತಾನು ಪಡೆದದ್ದನ್ನು ನೂರಾರು ಜನರಿಗೆ ಹಂಚುವ ಭಾಗ್ಯ ಅವರದಾಯಿತು.

ಸಾಮಾನ್ಯ ಅಧ್ಯಾಪಕನ ಪಾಲಿಗೆ ಬಾಗಿಲು ತೆರೆದದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ. ಮರುವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗವು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳ ಯೋಜನೆಯನ್ನು ಜಾರಿಗೆ ತಂದಿತು. ಹೊಸಬರಿಗೆ ನಾಲ್ಕು ವಾರಗಳ ಓರಿಯೆಂಟೇಷನ್, ಅನುಭವಿಗಳಿಗೆ ಮೂರು ವಾರಗಳ ರಿಫ್ರೆಶರ್. ಗ್ರಂಥಪಾಲಕರಿಗೂ ದೈಹಿಕ ಶಿಕ್ಷಣ ನಿರ್ದೇಶಕರಿಗೂ ಅವಕಾಶ ಸಿಕ್ಕಿತು. ಈ ಕೇಂದ್ರಗಳು 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆಂದೂ 2023ರಲ್ಲಿ ಮಾಲವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರಗಳೆಂದೂ ಹೆಸರು ಬದಲಿಸಿಕೊಂಡವು. ತರಬೇತಿಯನ್ನು ಬಡ್ತಿಗೆ ಜೋಡಿಸಿದ್ದರಿಂದ ಪ್ರಮಾಣಪತ್ರಕ್ಕಾಗಿಯೇ ಹೋಗಿ ಬಂದವರೂ ಇದ್ದಾರೆ, ಅದನ್ನು ಮುಚ್ಚಿಡುವುದೇಕೆ? ಆದರೆ ಹಾಗೆ ಹೋದ ನನ್ನ ಮಿತ್ರರೊಬ್ಬರು ಮರಳಿ ಬಂದಾಗ ಹೇಳಿದ ಮಾತು ನೆನಪಿದೆ: "ಇಪ್ಪತ್ತು ವರ್ಷದಾಗ ಮೊದಲ ಸಲ ವಿದ್ಯಾರ್ಥಿಯಾಗಿ ಬೆಂಚಿನ ಮ್ಯಾಲೆ ಕುಂತೆ. ನನ್ನ ಹುಡುಗರು ಯಾಕ ಆಕಳಿಸ್ತಾರ ಅನ್ನೋದು ಈಗ ತಿಳೀತು." ಇದಕ್ಕಿಂತ ಒಳ್ಳೆಯ ಪಾಠ ಇನ್ನಾವುದಿದೆ?

ಇಲ್ಲಿಯವರೆಗೆ ಹೋದವರ ಕಥೆ ಹೇಳಿದೆ. ಹೋಗದೆ ಉಳಿದವರ ವಿಷಯ ಹೇಳದಿದ್ದರೆ ಈ ಬರಹ ಅರ್ಧವಾದೀತು. ಕಾಲೇಜು ಎಂದರೆ ಅಧ್ಯಾಪಕರು ಮಾತ್ರವೇ? ಪ್ರವೇಶದ ಅರ್ಜಿ ತೆಗೆದುಕೊಳ್ಳುವ ಗುಮಾಸ್ತ, ಪ್ರಯೋಗಾಲಯದಲ್ಲಿ ಆಮ್ಲದ ಸೀಸೆ ಎತ್ತಿಡುವ ಸಹಾಯಕ, ಗಂಟೆ ಬಾರಿಸುವ ಜವಾನ, ಇವರಿಗೆ ತರಬೇತಿಯ ಕರೆ ಬಂದದ್ದನ್ನು ನಾನು ಕಂಡದ್ದು ಬಹಳ ವಿರಳ. ಸರಕಾರಿ ನೌಕರರಿಗೆ ಇಲಾಖಾ ಪರೀಕ್ಷೆಗಳಿವೆ, 2012ರ ನಿಯಮದಂತೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೂ ಇದೆ. ಖಾಸಗಿ ಆಡಳಿತದ ಸಂಬಳದಲ್ಲಿರುವ ಗುಮಾಸ್ತನಿಗೆ ಅದರ ಒತ್ತಾಯವೂ ಇಲ್ಲ, ಆಸರೆಯೂ ಇಲ್ಲ. ಅತಿಥಿ ಉಪನ್ಯಾಸಕರ ಪಾಡಂತೂ ಹೇಳತೀರದು. ಮೂರು ವಾರ ಕಲಿಯಲು ಹೋದರೆ ಮರಳಿ ಬರುವಾಗ ಕೆಲಸ ಇರುತ್ತದೆಯೋ ಇಲ್ಲವೋ ಎಂಬ ಅಳುಕು ಅವರಿಗೆ.

ನಾನು ನಿವೃತ್ತನಾದ ಕೆಲವು ವರ್ಷಗಳ ಮೇಲೆ ನಡೆದ ಸಂಗತಿಯಿದು. ವಿದ್ಯಾರ್ಥಿವೇತನದ ಅರ್ಜಿಗಳು ಕಾಗದದಿಂದ ಕಂಪ್ಯೂಟರಿಗೆ ಬಂದ ಹೊಸತು. ನಮ್ಮ ಭಾಗದ ಕಾಲೇಜೊಂದರ ಗುಮಾಸ್ತರು ಮಕ್ಕಳ ಅರ್ಜಿಗಳನ್ನೆಲ್ಲ ಶ್ರದ್ಧೆಯಿಂದ ತುಂಬಿಸಿದರು. ಆದರೆ ಕೊನೆಯಲ್ಲಿ ಕಾಲೇಜಿನ ವತಿಯಿಂದ ಅವುಗಳನ್ನು ದೃಢೀಕರಿಸಿ ಮುಂದಕ್ಕೆ ಕಳುಹಿಸಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ. ಗಡುವು ಮುಗಿಯಿತು. ಆ ವರ್ಷ 11 ಮಕ್ಕಳಿಗೆ ಹಣ ಬರಲಿಲ್ಲ. ಅವರಲ್ಲೊಬ್ಬಳು ಮುಂದಿನ ವರ್ಷ ಕಾಲೇಜಿಗೆ ಬರಲಿಲ್ಲ; ಕಾರಣ ಅದೊಂದೇ ಎಂದು ನಾನು ಹೇಳಲಾರೆ, ಆದರೆ ಅದೂ ಒಂದು ಎಂಬುದನ್ನು ಬಲ್ಲೆ. ಆ ಗುಮಾಸ್ತರು ನಮ್ಮ ಮನೆಗೆ ಬಂದು, "ನಾ ಬೇಕಂತ ಮಾಡಿದ್ದಲ್ರಿ ಸರ. ನನಗ ಯಾರೂ ಹೇಳಿಕೊಡಲಿಲ್ಲ" ಎಂದು ಕಣ್ಣೀರು ಹಾಕಿದರು. ಬೈಗುಳವೆಲ್ಲ ಅವರ ಪಾಲಿಗೆ ಬಂದಿತ್ತು. ಒಂದು ದಿನದ ತರಬೇತಿಗೆ ಬಸ್ಸಿನ ಖರ್ಚು ಕೊಟ್ಟು ಅವರನ್ನು ಕಳುಹಿಸಿದ್ದರೆ ಸಾಕಿತ್ತು.

ಈಗ ಕಾಲ ಬದಲಾಗಿದೆ. 2017ರಲ್ಲಿ ದೀಕ್ಷಾ, 2019ರಲ್ಲಿ ನಿಷ್ಠಾ ಬಂದವು. ಸ್ವಯಂ ಜಾಲತಾಣದಲ್ಲಿ ಕಾಲೇಜು ಅಧ್ಯಾಪಕರಿಗೂ ಪಾಠಗಳಿವೆ. 2020ರ ಶಿಕ್ಷಣ ನೀತಿಯು ಪ್ರತಿಯೊಬ್ಬ ಶಿಕ್ಷಕನೂ ವರ್ಷಕ್ಕೆ ಕನಿಷ್ಠ 50 ಗಂಟೆ ತನ್ನ ವೃತ್ತಿಯ ಕಲಿಕೆಗೆ ಮೀಸಲಿಡಬೇಕೆಂದು ಹೇಳಿದೆ. ಒಂದು ಅರ್ಥದಲ್ಲಿ ಇದು 'ಮಠಪತ್ರಿಕೆ'ಯ ಮೊಮ್ಮಗು. ಕಲಿಕೆ ಮತ್ತೆ ಹಳ್ಳಿಯ ಮನೆಗೇ ಬಂದಿದೆ. ಆದರೆ ಪರದೆಯ ಮುಂದೆ ಒಬ್ಬನೇ ಕುಳಿತವನಿಗೆ ಧಾರವಾಡದ ವಸತಿಗೃಹದ ಆ ರಾತ್ರಿಯ ವಾದಗಳು ಸಿಗುವುದಿಲ್ಲ. ಅದಕ್ಕೆ ನಮ್ಮ ನಡುವೆಯೇ ಪರಿಹಾರವಿದೆ. 1997ರಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ಜಿಲ್ಲಾ ಕೇಂದ್ರ ಹತ್ತಿರವಾಗಿದೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ. ನಾಲ್ಕು ತಾಲ್ಲೂಕುಗಳ ಕಾಲೇಜುಗಳು ಕೂಡಿ ತಿಂಗಳಿಗೊಂದು ಶನಿವಾರ ಸೇರಿದರೆ, ತರಬೇತಿಗೆ ಹೋಗಿ ಬಂದವನು ಹೋಗದವರಿಗೆ ಹೇಳಿಕೊಟ್ಟರೆ, ಅಧ್ಯಾಪಕರ ಪಕ್ಕದಲ್ಲಿ ಗುಮಾಸ್ತರಿಗೂ ಜವಾನರಿಗೂ ಕುರ್ಚಿ ಹಾಕಿದರೆ, ಅದಕ್ಕೆ ತಗಲುವ ಖರ್ಚು ಚಹಾ ಮತ್ತು ಮಂಡಕ್ಕಿಯದು ಮಾತ್ರ.

ದೂರವಾಣಿ ಮಾಡಿದ ಶಿಷ್ಯನಿಗೆ ನನ್ನ ಉತ್ತರ ಇಷ್ಟು. ತಮ್ಮಾ, ನಿನ್ನ ತರಗತಿಗಳನ್ನು ಯಾರು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಸಹೋದ್ಯೋಗಿಗಳೊಡನೆ ಕುಳಿತು ಮೂರು ವಾರಗಳ ವೇಳಾಪಟ್ಟಿಯನ್ನು ನೀನೇ ಬರೆದು, ಅವರ ಸಹಿ ಹಾಕಿಸಿಕೊಂಡು ಪ್ರಾಚಾರ್ಯರ ಮುಂದಿಡು. ಅವರ ಸರದಿ ಬಂದಾಗ ನೀನು ಅವರ ತರಗತಿ ತೆಗೆದುಕೊಳ್ಳುವೆನೆಂದು ಮಾತು ಕೊಡು. ಮರಳಿ ಬಂದ ಮೇಲೆ ಕಲಿತದ್ದನ್ನು ಚೀಲದಲ್ಲಿ ಕಟ್ಟಿಡಬೇಡ. ಆಫೀಸಿನ ಮೂಲೆಯಲ್ಲಿ ಕುಳಿತ ಗುಮಾಸ್ತರ ಪಕ್ಕದಲ್ಲಿಯೂ ಅರ್ಧ ಗಂಟೆ ಕುಳಿತುಕೋ. ಅವರಿಗೇನು ಬರುವುದಿಲ್ಲ ಎಂದು ಕೇಳಬೇಡ. ಯಾವುದನ್ನು ಯಾರೂ ಹೇಳಿಕೊಡಲಿಲ್ಲ ಎಂದು ಕೇಳು.

ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತವರಿದ್ದರೆ, ಅವರ ನೆನಪುಗಳನ್ನು ನನಗೆ ಬರೆದು ತಿಳಿಸಿ.